ಆಸ್ಪತ್ರೆ ಬಿಲ್ಲಿನ ಜಗಳ ಮತ್ತು ಆರೋಗ್ಯ ಸುಧಾರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿಲ್ಲಿನ ಜಗಳ ಅಂದ್ರೆ ಒಬ್ಬರ ಮನೆ ವಿಷಯ ಅಲ್ವಾ? ಅದಕ್ಕೂ ಸರ್ಕಾರದ ಆರೋಗ್ಯ ನೀತಿಗೂ ಏನು ಸಂಬಂಧ?

ನೀತಿ ಪುಸ್ತಕ ಓದಿ ಆರೋಗ್ಯ ವ್ಯವಸ್ಥೆ ಬಗ್ಗೆ ಅಭಿಪ್ರಾಯ ಮಾಡಿಕೊಳ್ಳುವವರು ಎಷ್ಟು ಜನ ಇದ್ದಾರೆ? ಬಹುತೇಕ ಎಲ್ಲರೂ ಅದನ್ನು ಮಾಡಿಕೊಳ್ಳುವುದು ಡಿಸ್ಚಾರ್ಜ್ ದಿನ, ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು. ಯಾವ ಕೌಂಟರ್ ಮುಂದೆ ನಿಂತಿದ್ದರು ಅನ್ನುವುದರ ಮೇಲೆ ಅವರ ಬೇಡಿಕೆಯೂ ಬದಲಾಗುತ್ತದೆ. ಕೈಯಿಂದ ದುಡ್ಡು ಕಟ್ಟಿದವರು "ಸರ್ಕಾರ ರೇಟ್ ಫಿಕ್ಸ್ ಮಾಡಲಿ" ಅನ್ನುತ್ತಾರೆ. ಇನ್ಶೂರೆನ್ಸ್ ಇದ್ದವರಿಗೆ ಆಸ್ಪತ್ರೆಗಿಂತ ಕಂಪನಿ ಮೇಲೇ ಸಿಟ್ಟು ಜಾಸ್ತಿ. ಬಿಪಿಎಲ್ ಕಾರ್ಡ್ ಹಿಡಿದು ಬಂದವರಿಗೆ ಬೇಕಾದದ್ದು ಒಂದೇ: ಕಾರ್ಡ್ ಇಲ್ಲಿ ನಡೆಯಬೇಕು. ಕೌಂಟರ್ ಆಚೆ ಬದಿಯಲ್ಲಿರುವ ಡಾಕ್ಟರಿಗೆ ಮಾತ್ರ ಯಾವ ಹೊಸ ಕಾನೂನು ಬಂದರೂ ಭಯ.

ಹಾಗಾಗಿ ಎಲ್ಲರೂ "ಸುಧಾರಣೆ ಆಗಬೇಕು" ಅಂದರೂ ಒಬ್ಬೊಬ್ಬರ ಮನಸ್ಸಿನಲ್ಲಿ ಇರುವ ಸುಧಾರಣೆಯೇ ಬೇರೆ. ಕರ್ನಾಟಕದಲ್ಲಿ ಇದು 2017ರಲ್ಲಿ ಬೀದಿಗೇ ಬಂತು. ಅದನ್ನು ಮುಂದೆ ನೋಡೋಣ.

ಈಗ ಯಶಸ್ವಿನಿ, ಆಯುಷ್ಮಾನ್ ಎಲ್ಲಾ ಇವೆ. ಜನ ಕೈಯಿಂದ ಕಟ್ಟುವುದು ಕಡಿಮೆ ಆಗಿಲ್ವಾ?

ಆಗಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ನೇರವಾಗಿ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇತ್ತು. 2021–22ಕ್ಕೆ ಶೇ 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ. ಆದರೆ ಇದು ಸರಾಸರಿ. ಹೊರರೋಗಿ ವಿಭಾಗದ ಫೀಸು, ಸ್ಕ್ಯಾನಿಂಗ್, ತಿಂಗಳು ತಿಂಗಳು ತೆಗೆದುಕೊಳ್ಳುವ ಬಿಪಿ, ಶುಗರ್ ಮಾತ್ರೆ ಇವೆಲ್ಲ ಹೆಚ್ಚಿನ ವಿಮೆ ಮತ್ತು ಯೋಜನೆಗಳಲ್ಲಿ ಬರುವುದಿಲ್ಲ. ಬಿಪಿಎಲ್ ಕಾರ್ಡೂ ಇಲ್ಲ, ಆಫೀಸಿನ ವಿಮೆಯೂ ಇಲ್ಲ ಅನ್ನುವ ಮಧ್ಯದ ಜನ ಇದ್ದಾರಲ್ಲ, ಸಣ್ಣ ಅಂಗಡಿಯವರು, ಬಾಡಿಗೆ ಕಾರು ಓಡಿಸುವವರು, ಅವರಿಗೆ ಆ ಸರಾಸರಿ ಕಾಣುವುದೇ ಇಲ್ಲ.

ಬಿಲ್ಲಿನಲ್ಲಿ ಜಗಳ ಹುಟ್ಟುವುದು ಎಲ್ಲಿ?

ಆಪರೇಷನ್ ಫೀಸಿನಲ್ಲಿ ಅಂತ ಅಂದುಕೊಳ್ಳುತ್ತೇವೆ. ಅದು ಕಡಿಮೆ. ಜಗಳ ಹುಟ್ಟುವುದು ಜಾಸ್ತಿ ಸಣ್ಣ ಸಾಲುಗಳಲ್ಲಿ: ಗ್ಲೌಸ್, ಸಿರಿಂಜು, ಕ್ಯಾನುಲಾ, ದಿನಕ್ಕೆ ಇಷ್ಟು ಸಲ ಅಂತ ಹಾಕಿದ ಡಾಕ್ಟರ್ ವಿಸಿಟ್, ಎರಡೆರಡು ಸಲ ಬರೆದ ರಕ್ತ ಪರೀಕ್ಷೆ.

2017ರಲ್ಲಿ ಗುರುಗ್ರಾಮದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡೆಂಗಿಯಿಂದ ತೀರಿಕೊಂಡ ಏಳು ವರ್ಷದ ಮಗುವಿನ ಮನೆಯವರ ಕೈಗೆ ಸುಮಾರು 16 ಲಕ್ಷ ರೂಪಾಯಿ ಬಿಲ್ ಬಂತು. ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಆಮೇಲೆ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿ 2018ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು. ಬಿಲ್ಲಿನ ಸುಮಾರು ಶೇ 46 ಭಾಗ ಔಷಧ, ಉಪಕರಣ, ಬಳಸಿ ಬಿಸಾಡುವ ಸಾಮಾನುಗಳದ್ದೇ ಆಗಿತ್ತು. ಕೆಲವು ಸಾಮಾನಿನ ಮೇಲೆ ಲಾಭ ಶೇ 1,737ರವರೆಗೂ ಹೋಗಿತ್ತು. ಇನ್ನೊಂದು ಮಾತನ್ನೂ ವರದಿ ಹೇಳಿತು. ಆಸ್ಪತ್ರೆಗಳು ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದರಿಂದ ಜಾಸ್ತಿ ಎಂಆರ್‌ಪಿ ಅಚ್ಚು ಹಾಕಿಸಿಕೊಳ್ಳುವಷ್ಟು ಹಿಡಿತ ಅವಕ್ಕಿದೆ. ಅಂದರೆ ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ತೆಗೆದುಕೊಳ್ಳದೆ, ಕಾನೂನಿನೊಳಗೇ ಇದ್ದು ಇಷ್ಟು ಲಾಭ ಮಾಡಬಹುದು. ರೋಗಿಯ ಕಡೆಯವರು "ಮೋಸ" ಅಂದಾಗ ಬಿಲ್ಲಿಂಗ್‌ನವರು "ಎಲ್ಲಾ ರೂಲ್ಸ್ ಪ್ರಕಾರವೇ ಇದೆ ಸಾರ್" ಅನ್ನುತ್ತಾರಲ್ಲ, ಎಷ್ಟೋ ಸಲ ಇಬ್ಬರೂ ಹೇಳುವುದು ನಿಜವೇ.

2017ರ ಕೆಪಿಎಂಇ ಗಲಾಟೆ ಅಂದರೆ ಏನು?

ಕೆಪಿಎಂಇ ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2007ರದ್ದು. ಕ್ಲಿನಿಕ್, ನರ್ಸಿಂಗ್ ಹೋಮ್, ಲ್ಯಾಬ್ ಎಲ್ಲಾ ನೋಂದಣಿ ಆಗಬೇಕು, ದರ ಪಟ್ಟಿ ಹಾಕಬೇಕು ಅಂತ ಅದರಲ್ಲಿ ಮೊದಲೇ ಇತ್ತು. ಕಾಗದದ ಮೇಲೆ ಇತ್ತು ಅನ್ನಿ. ಬಿಲ್ ಬಗ್ಗೆ ದೂರುಗಳು ಬರುತ್ತಲೇ ಇದ್ದವು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ವಿಕ್ರಮಜಿತ್ ಸೇನ್ ಅವರ ಸಮಿತಿ ತಿದ್ದುಪಡಿಗಳನ್ನು ಸೂಚಿಸಿತು. ಆರೋಗ್ಯ ಸಚಿವ ರಮೇಶ್ ಕುಮಾರ್ 2017ರ ಜೂನ್‌ನಲ್ಲಿ ಮಸೂದೆ ಮಂಡಿಸಿದರು.

ಅದರಲ್ಲಿ ಖಡಕ್ ಅಂಶಗಳಿದ್ದವು. ಖಾಸಗಿ ಆಸ್ಪತ್ರೆಯ ಚಿಕಿತ್ಸೆಗಳಿಗೆ ಸರ್ಕಾರವೇ ದರ ನಿಗದಿ ಮಾಡುತ್ತದೆ. ಜಾಸ್ತಿ ವಸೂಲಿ ಮಾಡಿದರೆ ಜೈಲೂ ಆಗಬಹುದು. ದೂರು ಕೇಳಲು ಜಿಲ್ಲೆಗೊಂದು ಸಮಿತಿ. ಜೈಲು ಅನ್ನುವ ಒಂದು ಮಾತಿಗೇ ವೈದ್ಯಲೋಕ ಕೆರಳಿತು. ಸರ್ಕಾರಿ ಆಸ್ಪತ್ರೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿದ್ದೂ ಅವರ ಸಿಟ್ಟಿಗೆ ಕಾರಣ. ಸೇನ್ ಸಮಿತಿ ಅವನ್ನೂ ಒಳಗೆ ತನ್ನಿ ಅಂದಿತ್ತು, ಸರ್ಕಾರ ಕೇಳಲಿಲ್ಲ. ಈ ವಿಷಯದಲ್ಲಿ ಡಾಕ್ಟರುಗಳ ಮಾತು ನನಗೆ ಸರಿ ಅನ್ನಿಸುತ್ತದೆ. ತನ್ನ ಆಸ್ಪತ್ರೆಯನ್ನು ಬಿಟ್ಟು ಪಕ್ಕದವರ ಆಸ್ಪತ್ರೆಯನ್ನು ಮಾತ್ರ ಅಳೆಯುವ ಸರ್ಕಾರವನ್ನು ಯಾರು ನಂಬುತ್ತಾರೆ?

ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ ಶುರುವಾಯಿತು. ರಾಜ್ಯದ ಎಲ್ಲ ಕಡೆಯಿಂದ ಡಾಕ್ಟರುಗಳು ಅಲ್ಲಿಗೇ ಹೋದರು. ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ವಿಷಯ ಹೈಕೋರ್ಟಿಗೂ ಹೋಯಿತು. ಕೊನೆಗೆ ನವೆಂಬರ್ 17ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಜೊತೆ ಮಾತುಕತೆಯಾಗಿ ಮುಷ್ಕರ ನಿಂತಿತು. ಮಸೂದೆ ಸಡಿಲವಾಗಿ ಪಾಸಾಯಿತು.

ಕೊನೆಗೆ ಕಾನೂನಿನಲ್ಲಿ ಏನು ಉಳಿಯಿತು?

ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗೆ ಮಾತ್ರ ಅಂತಾಯಿತು. ಕೈಯಿಂದ ಕಟ್ಟುವವರಿಗೆ ಆಸ್ಪತ್ರೆ ಹೇಳಿದ್ದೇ ರೇಟ್. ಜಾಸ್ತಿ ವಸೂಲಿಗೆ ಜೈಲು ಅನ್ನುವುದು ಹೋಯಿತು.

ಆದರೆ ಉಳಿದದ್ದೂ ಕಡಿಮೆ ಏನಲ್ಲ. ರೋಗಿಗಳ ಹಕ್ಕುಪಟ್ಟಿ ಕಾಯ್ದೆಯ ಭಾಗವಾಯಿತು. ತುರ್ತು ಚಿಕಿತ್ಸೆಯನ್ನು ಅಡ್ವಾನ್ಸ್ ಕಟ್ಟಿಲ್ಲ ಅಂತ ತಡೆಯುವ ಹಾಗಿಲ್ಲ. ಜಿಲ್ಲಾಧಿಕಾರಿಯೇ ಅಧ್ಯಕ್ಷರಾಗಿರುವ ನೋಂದಣಿ ಮತ್ತು ದೂರು ಪರಿಹಾರ ಪ್ರಾಧಿಕಾರ ಜಿಲ್ಲೆ ಜಿಲ್ಲೆಯಲ್ಲಿ ಇರಬೇಕು. ವಿಚಿತ್ರ ಏನಂದರೆ ಮುಷ್ಕರ ಎಲ್ಲರಿಗೂ ನೆನಪಿದೆ. ಮುಷ್ಕರದ ಕೊನೆಗೆ ಸಿಕ್ಕ ಈ ಪ್ರಾಧಿಕಾರದ ಹೆಸರು ಕೇಳಿದವರು ಸಿಗುವುದು ಕಷ್ಟ. "ಆ ಕಾನೂನು ಬಿದ್ದೇ ಹೋಯ್ತಲ್ಲ" ಅನ್ನುವವರೇ ಜಾಸ್ತಿ.

ಬಿಲ್ ಕಟ್ಟಿಲ್ಲ ಅಂತ ಶವ ಕೊಡದೆ ಇಟ್ಟುಕೊಳ್ಳಬಹುದಾ?

ಇಲ್ಲ. ಕೆಪಿಎಂಇ ತಿದ್ದುಪಡಿ ಪ್ರಕಾರ ಬಾಕಿ ಕಟ್ಟಿ ಅಂತ ಒತ್ತಾಯಿಸದೆ ಶವವನ್ನು ಮನೆಯವರಿಗೆ ಕೊಡಬೇಕು. ಬಾಕಿ ವಸೂಲಿ ಆಮೇಲಿನ ಮಾತು.

ಡಾಕ್ಟರುಗಳು ಯಾಕೆ ಇಷ್ಟು ವಿರೋಧಿಸುತ್ತಾರೆ? ಬರೀ ದುಡ್ಡಿಗಾ?

ಹಾಗೆ ಹೇಳಿಬಿಡುವುದು ಸುಲಭ. ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯನ್ನೂ, ತಾಲೂಕು ಊರಲ್ಲಿ ಗಂಡ ಹೆಂಡತಿ ಸೇರಿ ನಡೆಸುವ 15 ಹಾಸಿಗೆಯ ನರ್ಸಿಂಗ್ ಹೋಮನ್ನೂ ಕಾನೂನು ಒಂದೇ ಕಣ್ಣಲ್ಲಿ ನೋಡುತ್ತದೆ. ಜನರಿಗೆ ಸಿಟ್ಟು ಬರುವುದು ಮೊದಲನೆಯದರ ಮೇಲೆ. ಕಾನೂನಿನ ಭಾರ ಬೀಳುವುದು ಎರಡನೆಯದರ ಮೇಲೆ. ಅವರಿಗೆ ಲಾಯರ್ ಇಲ್ಲ, ಫೈಲ್ ನೋಡಿಕೊಳ್ಳುವ ಆಡಳಿತಾಧಿಕಾರಿ ಇಲ್ಲ, ಮಾಲಿನ್ಯ ಮಂಡಳಿಯಿಂದ ಅಗ್ನಿಶಾಮಕದವರೆಗೆ ಎಲ್ಲ ಲೈಸೆನ್ಸಿಗೂ ಅವರೇ ಓಡಾಡಬೇಕು. ಸರ್ಕಾರಿ ಯೋಜನೆಗಳ ಪ್ಯಾಕೇಜ್ ದರ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಕಟ್ಟಿದ ಒಟ್ಟು ಮೊತ್ತ, ಖರ್ಚಿಗೇ ಸಾಲುವುದಿಲ್ಲ, ಆ ದುಡ್ಡೂ ತಡವಾಗಿ ಬರುತ್ತದೆ ಅನ್ನುವುದು ಅವರ ಹಳೇ ದೂರು.

ಬಿಲ್ಲಿನ ಮಾತು ಮಿತಿಮೀರಿ ಕೈ ಎತ್ತುವವರೂ ಇದ್ದಾರೆ. ವೈದ್ಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನು ಇದೆ. ಏಟು ತಿನ್ನುವವರು ಯಾರು ನೋಡಿ: ರಾತ್ರಿ ಡ್ಯೂಟಿಯ ಚಿಕ್ಕ ವಯಸ್ಸಿನ ಡಾಕ್ಟರು, ನರ್ಸು. ದರ ಪಟ್ಟಿ ಬರೆದವರು ಆ ಹೊತ್ತಿಗೆ ಮನೆಯಲ್ಲಿ ಮಲಗಿರುತ್ತಾರೆ.

ಸ್ಟೆಂಟ್ ರೇಟ್ ಇಳಿಸಿದರಲ್ಲ, ಅದು ಕೆಲಸ ಮಾಡಿತಾ?

ಬಿಲ್ ಬಗ್ಗೆ ಎದ್ದ ಕೂಗು ನೇರವಾಗಿ ಬೆಲೆ ಇಳಿಸಿದ ದೊಡ್ಡ ಉದಾಹರಣೆ ಅದೇ. ಸ್ಟೆಂಟ್ ಅಂದರೆ ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ತೆರೆದಿಡಲು ಹಾಕುವ ಸಣ್ಣ ಜಾಲರಿ ಕೊಳವೆ. 2017ರ ಫೆಬ್ರುವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂಪಾಯಿ, ಸಾದಾ ಸ್ಟೆಂಟಿಗೆ 7,260 ರೂಪಾಯಿ ಅಂತ ಮಿತಿ ಹಾಕಿದರು. ಅದಕ್ಕೆ ಮುಂಚೆ ಔಷಧ ಲೇಪಿತ ಸ್ಟೆಂಟಿನ ಸರಾಸರಿ ಎಂಆರ್‌ಪಿ 1.21 ಲಕ್ಷ ಇತ್ತು. ಅದೇ ಆಗಸ್ಟಿನಲ್ಲಿ ಮಂಡಿ ಚಿಪ್ಪು ಬದಲಾವಣೆಯ ಇಂಪ್ಲಾಂಟ್‌ಗಳಿಗೂ ಮಿತಿ ಬಂತು. ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟ್ ಸುಮಾರು 1.58 ಲಕ್ಷದಿಂದ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ.

ಸ್ಟೆಂಟಿನ ಸಾಲು ಇಳಿದದ್ದು ನಿಜ. ಆದರೆ ಸ್ಟೆಂಟ್ ಹಾಕುವ ಚಿಕಿತ್ಸೆಯ, ಅಂದರೆ ಆಂಜಿಯೋಪ್ಲಾಸ್ಟಿಯ ಒಟ್ಟು ಮೊತ್ತಕ್ಕೆ ಯಾವ ಮಿತಿಯೂ ಇಲ್ಲ. ಬಲೂನು, ಕ್ಯಾಥೆಟರ್, ಕ್ಯಾಥ್ ಲ್ಯಾಬ್ ಚಾರ್ಜು, ಪ್ರೊಸೀಜರ್ ಚಾರ್ಜು ಅಂತ ಬೇರೆ ಸಾಲುಗಳನ್ನು ಏರಿಸಲು ಜಾಗ ಹಾಗೇ ಇದೆ. ಒಂದೇ ವಸ್ತುವಿನ ಬೆಲೆ ಹಿಡಿದರೆ ರಾಜಕಾರಣಿಗೆ ಭಾಷಣಕ್ಕೆ ಒಳ್ಳೆಯದು, ಅಂಕಿ ನೆನಪಿರುತ್ತದೆ. ಇಡೀ ಬಿಲ್ ಹಿಡಿಯುವುದು ಕಷ್ಟದ ಕೆಲಸ. 2024ರ ಡೆಂಗಿ ಸಮಯದಲ್ಲಿ ರಾಜ್ಯ ಸರ್ಕಾರ ಪರೀಕ್ಷೆಗೆ ದರ ಕಟ್ಟಿದ್ದೂ ಇದೇ ದಾರಿ. ತಪ್ಪಲ್ಲ, ಆದರೆ ಚೂರು ಚೂರು.

ಕೋವಿಡ್ ಕಾಲದಲ್ಲಿ ಎಲ್ಲಾ ದರ ಕಟ್ಟಿದ್ದರಲ್ಲ?

ಹೌದು. 2020ರ ಜೂನ್‌ನಲ್ಲಿ ಸರ್ಕಾರ ಕಳಿಸಿದ ರೋಗಿಗಳಿಗೆ ಖಾಸಗಿ ಆಸ್ಪತ್ರೆಯ ಸಾಮಾನ್ಯ ವಾರ್ಡು ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಇರುವ ಐಸಿಯು 10,000. ತಾವೇ ಬಂದು ಸೇರಿದವರಿಗೆ ಅದೇ ವಾರ್ಡು 10,000, ವೆಂಟಿಲೇಟರ್ ಐಸಿಯು 25,000. 2017ರಲ್ಲಿ "ಸಾಧ್ಯವೇ ಇಲ್ಲ" ಅಂದದ್ದು ಒಂದೇ ಆದೇಶದಲ್ಲಿ ಜಾರಿಗೆ ಬಂತು. ಆಗಲೂ ಜಗಳ ನಿಲ್ಲಲಿಲ್ಲ. ಪಿಪಿಇ ಕಿಟ್ ಲೆಕ್ಕದ್ದು, ಬೆಡ್ ಖಾಲಿ ಇಲ್ಲ ಅಂದದ್ದರದ್ದು. ಆದರೆ ಸರ್ಕಾರ ಮನಸ್ಸು ಮಾಡಿದರೆ ದರ ಕಟ್ಟಬಹುದು ಅನ್ನುವುದನ್ನು ಜನ ಕಣ್ಣಾರೆ ಕಂಡರು. ದರ ನಿಯಂತ್ರಣದ ಬೇಡಿಕೆಗೆ ಇವತ್ತಿಗೂ ಶಕ್ತಿ ಕೊಡುತ್ತಿರುವುದು ಆ ನೆನಪು.

ಇನ್ಶೂರೆನ್ಸ್ ಇದ್ದೂ ಯಾಕೆ ಕೈಯಿಂದ ಕಟ್ಟಬೇಕಾಗುತ್ತದೆ?

ಮುಖ್ಯ ಕಳ್ಳ ರೂಮ್ ಬಾಡಿಗೆ ಮಿತಿ. ಲೆಕ್ಕ ನೋಡಿ. ನಿಮ್ಮ ಪಾಲಿಸಿ 5 ಲಕ್ಷದ್ದು, ರೂಮಿಗೆ ದಿನಕ್ಕೆ ಶೇ 1 ಮಿತಿ, ಅಂದರೆ 5,000 ರೂಪಾಯಿ. ನೀವು 8,000ದ ರೂಮಿನಲ್ಲಿ ನಾಲ್ಕು ದಿನ ಇದ್ದಿರಿ. ದಿನಕ್ಕೆ 3,000ದಂತೆ 12,000 ನನ್ನ ಮೇಲೆ ಬೀಳುತ್ತದೆ ಅಂದುಕೊಳ್ಳುತ್ತೀರಿ. ಅಲ್ಲ. ಸರ್ಜನ್, ಆಪರೇಷನ್ ಥಿಯೇಟರ್, ನರ್ಸಿಂಗ್ ಚಾರ್ಜುಗಳನ್ನೂ ಕಂಪನಿ ಎಂಟರಲ್ಲಿ ಐದು ಪಾಲು ಮಾತ್ರ ಕೊಡುತ್ತದೆ. ಅವು 1,60,000 ಆಗಿದ್ದರೆ ಅದರಲ್ಲೂ 60,000 ನಿಮ್ಮದೇ. ಒಟ್ಟು 72,000. ಔಷಧ, ಇಂಪ್ಲಾಂಟ್, ಪರೀಕ್ಷೆಗಳಿಗೆ ಮತ್ತು ಐಸಿಯುಗೆ ಈ ಕಡಿತ ಮಾಡುವ ಹಾಗಿಲ್ಲ. ಮಾಡಿದ್ದರೆ ಕೇಳಿ.

ಇದರ ಬೇರು ಆಸ್ಪತ್ರೆಯಲ್ಲೇ ಇದೆ. ಅದೇ ಡಾಕ್ಟರು, ಅದೇ ಆಪರೇಷನ್ ಥಿಯೇಟರ್. ರೂಮು ದೊಡ್ಡದಾದರೆ ಆಪರೇಷನ್ ಫೀಸೂ ಏರುತ್ತದೆ! ಯಾಕೆ ಅಂತ ಕೇಳಿದರೆ "ಎಲ್ಲಾ ಕಡೆ ಹಾಗೇ" ಅನ್ನುತ್ತಾರೆ. ಸಾಲದ್ದಕ್ಕೆ ದಿನಕ್ಕೆ 5,000 ರೂಪಾಯಿ ಮೀರಿದ ರೂಮಿಗೆ 2022ರ ಜುಲೈಯಿಂದ ಶೇ 5 ಜಿಎಸ್‌ಟಿ.

ಇನ್ನು ಡಿಸ್ಚಾರ್ಜ್ ದಿನ ಸಂಜೆವರೆಗೆ ಕಾಯಿಸುವ ಕತೆ. ಬೆಳಿಗ್ಗೆ ಡಾಕ್ಟರು ಹೊರಡಿ ಅಂದಿರುತ್ತಾರೆ, ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡುವ ಸಂಸ್ಥೆ) ಡೆಸ್ಕಿನವರು ಅಪ್ರೂವಲ್ ಬಂದಿಲ್ಲ ಅನ್ನುತ್ತಲೇ ಇರುತ್ತಾರೆ. ವಿಮಾ ನಿಯಂತ್ರಕ ಐಆರ್‌ಡಿಎಐ 2024ರ ಮೇ ತಿಂಗಳಲ್ಲಿ ನಿಯಮ ಬಿಗಿ ಮಾಡಿತು. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಕೊನೆಯ ಬಿಲ್ಲಿಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಚಾರ್ಜ್ ಹಾಕಿದರೆ ಆ ದುಡ್ಡನ್ನು ವಿಮಾ ಕಂಪನಿಯೇ ಕೊಡಬೇಕು. ಟಿಪಿಎ ಡೆಸ್ಕಿನ ಮುಂದೆ ಕಾದು ಕಾದು ರೇಗಿದವರ ದೂರುಗಳಿಗೆ ಸಿಕ್ಕ ಸುಧಾರಣೆ ಇದು. ವಿಮೆ ಇರುವ ವರ್ಗಕ್ಕೆ ದೂರು ಬರೆಯಲು ಬರುತ್ತದೆ, ಈಮೇಲ್ ಇದೆ, ಟ್ವಿಟರ್ ಇದೆ. ಅವರ ಸಮಸ್ಯೆಗೆ ನಿಯಮ ಬೇಗ ಬರುವುದರಲ್ಲಿ ಆಶ್ಚರ್ಯ ಏನಿಲ್ಲ.

ಬಿಪಿಎಲ್ ಕಾರ್ಡಿನವರಿಗೆ ಬಿಲ್ಲೇ ಇಲ್ಲವಲ್ಲ. ಅವರ ತಕರಾರು ಏನು?

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷ ಮಿತಿ. ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಸರ್ಕಾರಿ ಆಸ್ಪತ್ರೆಯಲ್ಲೇ ಸಿಗುವ ಚಿಕಿತ್ಸೆಯನ್ನು ಖಾಸಗಿಯಲ್ಲಿ ಮಾಡಿಸಲು ಚೀಟಿ ಕೊಡುವುದಿಲ್ಲ. "ಪ್ಯಾಕೇಜಿನಲ್ಲಿ ಇದು ಬರಲ್ಲ, ಹೊರಗೆ ತನ್ನಿ" ಅಂತ ಔಷಧ ಚೀಟಿ ಬರೆದುಕೊಡುವುದೂ ಉಂಟು. ಬಿಲ್ ಸೊನ್ನೆ, ಖರ್ಚು ಮಾತ್ರ ಸೊನ್ನೆ ಅಲ್ಲ.

ಆದರೂ ಇಂಥ ಯೋಜನೆಗಳ ಬಗ್ಗೆ ಇವರಲ್ಲಿ ನಂಬಿಕೆ ಉಳಿದಿದೆ. ಸಹಕಾರ ಸಂಘದ ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿಯಲ್ಲಿ ತಿಂಗಳಿಗೆ 5 ರೂಪಾಯಿ ಕಟ್ಟಿ ಆಪರೇಷನ್ ಮಾಡಿಸಿಕೊಂಡವರು ಹಳ್ಳಿ ಹಳ್ಳಿಯಲ್ಲಿ ಇದ್ದಾರೆ. 2018ರಲ್ಲಿ ಅದನ್ನು ಬೇರೆ ಯೋಜನೆಯೊಳಗೆ ಸೇರಿಸಿದಾಗ ರೈತರು ಸುಮ್ನೆ ಕೂರಲಿಲ್ಲ. 2022ರಲ್ಲಿ ಮತ್ತೆ ತರಬೇಕಾಯಿತು.

ಬೇರೆ ರಾಜ್ಯಗಳಲ್ಲಿ ಹೇಗೆ?

ಪಶ್ಚಿಮ ಬಂಗಾಳ 2017ರಲ್ಲೇ ಬಿಲ್ ದೂರು ಕೇಳಲು ನಿವೃತ್ತ ನ್ಯಾಯಾಧೀಶರ ಆಯೋಗವನ್ನೇ ಮಾಡಿತು. ಅದಕ್ಕೆ ಪರಿಹಾರ ಕೊಡಿಸುವ ಅಧಿಕಾರ ಇದೆ. ರಾಜಸ್ಥಾನ 2023ರ ಮಾರ್ಚಿನಲ್ಲಿ ಆರೋಗ್ಯ ಹಕ್ಕಿನ ಕಾನೂನು ತಂದಾಗ ನಮ್ಮ 2017ರ ದೃಶ್ಯವೇ ಅಲ್ಲೂ ಕಂಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಗಳನ್ನು ಹೊರಗಿಡಲು ಒಪ್ಪಿದ ಮೇಲೆ ಮುಷ್ಕರ ನಿಂತಿತು. ಸಣ್ಣ ನರ್ಸಿಂಗ್ ಹೋಮನ್ನು ಬೇರೆಯಾಗಿ ನೋಡುವ ಈ ಬುದ್ಧಿ ನಮಗೆ ಆಗಲೇ ಬಂದಿದ್ದರೆ ಚೆನ್ನಾಗಿತ್ತು.

ಕೋರ್ಟ್ ಏನಾದರೂ ಮಾಡುತ್ತಾ?

ತಳ್ಳುತ್ತದೆ, ತಾನೇ ಮಾಡುವುದಿಲ್ಲ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆ ದರ ಯಾಕೆ ನಿಗದಿ ಮಾಡಿಲ್ಲ ಅಂತ ಕೇಂದ್ರವನ್ನು ತರಾಟೆಗೆ ತೆಗೆದುಕೊಂಡಿತು. ಆಸ್ಪತ್ರೆಯೊಳಗಿನ ಮೆಡಿಕಲ್ ಸ್ಟೋರಿನಲ್ಲೇ ಔಷಧ ಕೊಳ್ಳಬೇಕು ಅನ್ನುವ ಒತ್ತಾಯದ ಪ್ರಕರಣದಲ್ಲಿ 2025ರ ಮಾರ್ಚಿನಲ್ಲಿ ನೀತಿ ಮಾಡುವುದು ರಾಜ್ಯಗಳ ಕೆಲಸ ಅಂದಿತು.

ಅಮೆರಿಕದಲ್ಲಿರುವ ಮಗಳು "ಅಪ್ಪಾ, ಇಲ್ಲಿ ಇನ್ನೂ ಕಷ್ಟ" ಅಂತಾಳೆ. ನಿಜವಾ?

ಅಲ್ಲಿ ಬಿಲ್ ತಿಂಗಳಾದ ಮೇಲೆ ಅಂಚೆಯಲ್ಲಿ ಬರುತ್ತದೆ, ಆಸ್ಪತ್ರೆಯದ್ದು ಒಂದು, ಡಾಕ್ಟರದ್ದು ಇನ್ನೊಂದು. ವಿಮಾ ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋದರೂ ಅರಿವಳಿಕೆ ಕೊಟ್ಟ ಡಾಕ್ಟರು ಪಟ್ಟಿಯಲ್ಲಿ ಇರಲಿಲ್ಲ ಅಂತ ಸಾವಿರಾರು ಡಾಲರ್ ಕೇಳುತ್ತಿದ್ದರು. ಜನರ ಸಿಟ್ಟು ಎಷ್ಟಿತ್ತೆಂದರೆ ಎರಡೂ ಪಕ್ಷಗಳು ಸೇರಿ ಕಾನೂನು ಮಾಡಿದವು. 2022ರ ಜನವರಿ 1ರಿಂದ ಅಂಥ ಅನಿರೀಕ್ಷಿತ ಬಿಲ್ಲುಗಳಿಗೆ ತಡೆ ಇದೆ. ರಸ್ತೆ ಆಂಬುಲೆನ್ಸ್ ಮಾತ್ರ ಅದರಲ್ಲಿ ಬಿಟ್ಟುಹೋಗಿದೆ. ಅಲ್ಲೂ ಅಷ್ಟೇ, ಇಡೀ ವ್ಯವಸ್ಥೆ ಬದಲಾಗಲಿಲ್ಲ, ಹೆಚ್ಚು ನೋವಾದ ಜಾಗಕ್ಕೆ ಮಾತ್ರ ಮುಲಾಮು ಬಿತ್ತು.

ಸರ್ಕಾರಿ ಆಸ್ಪತ್ರೆ ಚೆನ್ನಾಗಿದ್ದರೆ ಈ ಜಗಳವೇ ಇರಲ್ಲ ಅಲ್ವಾ?

ತುಂಬಾ ಕಡಿಮೆ ಆಗುತ್ತಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಹೆಸರು ಮಾಡಿದ್ದು "ಮೊದಲು ಚಿಕಿತ್ಸೆ, ಆಮೇಲೆ ದುಡ್ಡು" ಅನ್ನುವ ಪದ್ಧತಿಯಿಂದ. ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥ್ 2024ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಲೋಕಸಭೆಗೆ ಗೆದ್ದರು. ಅವರ ಗೆಲುವಿನಲ್ಲಿ ರಾಜಕೀಯದ ಲೆಕ್ಕಾಚಾರವೂ ಇತ್ತು, ಸರಿ. ಆದರೆ ಆಸ್ಪತ್ರೆ ನಡೆಸಿದ ಹೆಸರಿನ ಮೇಲೆ ಓಟು ಕೇಳಲು ಸಾಧ್ಯ ಆಯಿತಲ್ಲ, ಅದನ್ನು ಬೇರೆ ಪಕ್ಷಗಳೂ ಗಮನಿಸಬೇಕು.

ಬಿಲ್ಲಿನ ಜಗಳಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ನಮ್ಮ ಸಿಟ್ಟೆಲ್ಲ ಜಾಸ್ತಿ ಬಿಲ್ ಹಾಕಿದ ಆಸ್ಪತ್ರೆ ಮೇಲೆ ಹೋಗುತ್ತದೆ. ನಾವು ಅಲ್ಲಿಗೆ ಹೋಗುವ ಹಾಗೆ ಮಾಡಿದ, ಸ್ಕ್ಯಾನಿಂಗ್ ಮಷಿನ್ ಕೆಟ್ಟು ಕೂತಿರುವ ತಾಲೂಕು ಆಸ್ಪತ್ರೆ ಬಗ್ಗೆ ಯಾರೂ ದೂರು ಬರೆಯುವುದಿಲ್ಲ. ಅಲ್ಲಿ ಬಿಲ್ಲೇ ಇರುವುದಿಲ್ಲವಲ್ಲ.

ಸರಿ, ನನ್ನ ಬಿಲ್ಲಿನಲ್ಲೇ ತಕರಾರು ಇದೆ. ಎಲ್ಲಿಗೆ ಹೋಗಲಿ?

ಮೊದಲು ಐಟಂವಾರು ಬಿಲ್ ಕೇಳಿ ತೆಗೆದುಕೊಳ್ಳಿ, ಡಿಸ್ಚಾರ್ಜ್ ಸಮ್ಮರಿ ಜೊತೆ. ಒಟ್ಟು ಮೊತ್ತದ ಒಂದು ಹಾಳೆ ಹಿಡಿದು ಎಲ್ಲಿ ಹೋದರೂ ಪ್ರಯೋಜನವಿಲ್ಲ. ಆಸ್ಪತ್ರೆಗೆ ಬರಹದಲ್ಲಿ ಕೊಡಿ, ಬಾಯಿಮಾತಿನ ಜಗಳಕ್ಕೆ ದಾಖಲೆ ಇರುವುದಿಲ್ಲ.

ಆಸ್ಪತ್ರೆ ಮೇಲಿನ ದೂರಿಗೆ ನಿಮ್ಮ ಜಿಲ್ಲೆಯ ಕೆಪಿಎಂಇ ಪ್ರಾಧಿಕಾರ. ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಆಫೀಸಿನಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸರ್ಕಾರಿ ಕಾರ್ಡಿನ ವಿಷಯವಾದರೆ ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯ ಮಿತ್ರರನ್ನು ಹಿಡಿಯಿರಿ, 104ಕ್ಕೆ ಫೋನ್ ಮಾಡಿ. ವಿಮಾ ಕಂಪನಿ ಮೇಲಾದರೆ ಮೊದಲು ಅವರಿಗೇ ದೂರು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆ ದೂರು ಕೇಳಿ ತೀರ್ಮಾನ ಮಾಡುವ ಅಧಿಕಾರಿ. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು.

ಗ್ರಾಹಕ ಆಯೋಗದ ದಾರಿಯೂ ಇದೆ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನಡಿ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಐದು ಲಕ್ಷದವರೆಗಿನ ಪ್ರಕರಣಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕ ಇಲ್ಲ. ಚಿಕಿತ್ಸೆಯೇ ತಪ್ಪಾಗಿದೆ ಅನ್ನುವುದಾದರೆ ಅದು ಕರ್ನಾಟಕ ವೈದ್ಯಕೀಯ ಪರಿಷತ್ತಿನ ವಿಷಯ. ಬಿಲ್ಲಿನ ದೂರಿನಲ್ಲಿ ಅದನ್ನೂ ತುರುಕಬೇಡಿ, ಎರಡೂ ಎಲ್ಲೂ ಸೇರದೆ ಹೋಗುತ್ತವೆ.